ರಾಣಿಯ ಮುಖವಿರುವ ನಾಣ್ಯ, ಶತ್ರುವಿನ ಮಾತಿರುವ ಕೈಪಿಡಿ: ಒಂದು ಪಾಠೋಪಕರಣದ ವಿಮರ್ಶೆ

ತುಮಕೂರಿನ ಅಶೋಕ ರಸ್ತೆಯಲ್ಲಿ ಶಾಲೆಗಳಿಗೆ ಬೇಕಾದ ನಕ್ಷೆ, ಗ್ಲೋಬು, ಚಾರ್ಟುಗಳನ್ನು ಮಾರುವ ಅಂಗಡಿಯೊಂದರಲ್ಲಿ ಕಳೆದ ಜೂನ್ ತಿಂಗಳಿನಲ್ಲಿ ಒಂದು ಪೆಟ್ಟಿಗೆಯನ್ನು ಕೊಂಡೆ. ರೋಮನ್ ಗಣರಾಜ್ಯದ ಕೊನೆಯ ವರ್ಷಗಳಿಗೆ ಸೇರಿದ 6 ನಾಣ್ಯಗಳ ಪ್ರತಿಕೃತಿಗಳು, 32 ಪುಟಗಳ ಒಂದು ಕನ್ನಡ ಕೈಪಿಡಿ ಮತ್ತು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಒಂದು ಮಡಿಸುವ ನಕ್ಷೆ ಅದರಲ್ಲಿವೆ. ಬೆಲೆ 1,650 ರೂಪಾಯಿ. ಗುಬ್ಬಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು ಎಂಟನೆಯ ತರಗತಿಗೆ ರೋಮ್ ನಾಗರಿಕತೆಯ ಪಾಠ ಮಾಡುವಾಗ ಮಕ್ಕಳ ಕೈಗೆ ಕೊಡಲು ಏನಾದರೊಂದು ವಸ್ತು ಇರಲಿ ಎಂದು ಬಹಳ ದಿನಗಳಿಂದ ಹುಡುಕುತ್ತಿದ್ದೆ. ನಾಲ್ಕು ತಿಂಗಳು ಇದನ್ನು ತರಗತಿಯಲ್ಲಿ ಬಳಸಿದ ಮೇಲೆ, ಕೊಳ್ಳಬೇಕೆಂದಿರುವ ಇತರ ಶಿಕ್ಷಕರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾಣ್ಯಗಳ ವಿಚಾರ. ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ, ತಾನು ಬದುಕಿರುವಾಗಲೇ, ತನ್ನ ಮುಖವನ್ನು ಅಚ್ಚು ಹಾಕಿಸಿದ ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯ. ಅವನನ್ನು ಕೊಂದ ಬ್ರೂಟಸ್ ಎರಡು ಕಠಾರಿಗಳ ಚಿತ್ರದೊಂದಿಗೆ ಹೊರಡಿಸಿದ ನಾಣ್ಯ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ತನ್ನ ರಾಜಧಾನಿ ಅಲೆಕ್ಸಾಂಡ್ರಿಯಾದ ಟಂಕಸಾಲೆಯಲ್ಲಿ ಹೊಡೆಸಿದ ಕಂಚಿನ ನಾಣ್ಯ. ಒಂದು ಬದಿಯಲ್ಲಿ ಅವಳ ಸಂಗಾತಿಯಾದ ರೋಮನ್ ಸೇನಾಪತಿ ಮಾರ್ಕ್ ಆಂಟನಿ, ಇನ್ನೊಂದು ಬದಿಯಲ್ಲಿ ಕ್ಲಿಯೋಪಾತ್ರ ಇರುವ ಕ್ರಿ.ಪೂ. 32ರ ಬೆಳ್ಳಿ ದಿನಾರಿಯಸ್. ಈಜಿಪ್ಟನ್ನು ಗೆದ್ದ, ಸೀಸರನ ದತ್ತುಪುತ್ರ ಆಕ್ಟೇವಿಯನ್ ಕ್ರಿ.ಪೂ. 28ರಲ್ಲಿ ಹೊರಡಿಸಿದ ಮೊಸಳೆಯ ನಾಣ್ಯ. ಕೊನೆಯದಾಗಿ, ಅದೇ ಆಕ್ಟೇವಿಯನ್ ಅಗಸ್ಟಸ್ ಎಂಬ ಬಿರುದು ಪಡೆದ ಎಷ್ಟೋ ವರ್ಷಗಳ ಮೇಲೆ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸರ ಚಿತ್ರ ಹಾಕಿಸಿದ ನಾಣ್ಯ. ಆಯ್ಕೆ ಮಾಡಿದವರಿಗೆ ವಿಷಯ ಗೊತ್ತಿದೆ. ಈ ಆರನ್ನು ಸಾಲಾಗಿ ಇಟ್ಟರೆ, ಒಂದು ಗಣರಾಜ್ಯ ಹೇಗೆ ಒಬ್ಬನ ಕೈಗೆ ಹೋಯಿತು ಎಂಬ ಕಥೆ ತಾನಾಗಿಯೇ ಕಣ್ಣಿಗೆ ಕಾಣುತ್ತದೆ.

ಕೊನೆಯ ನಾಣ್ಯವನ್ನು ಸೇರಿಸಿದ್ದಕ್ಕೆ ನನ್ನ ವಿಶೇಷ ಮೆಚ್ಚುಗೆ ಇದೆ. ಆ ಬಗೆಯ ದಿನಾರಿಯಸ್‌ಗಳು ವ್ಯಾಪಾರದ ಮೂಲಕ ದಕ್ಷಿಣ ಭಾರತಕ್ಕೆ ಹೇರಳವಾಗಿ ಬಂದಿವೆ. ಅಗಸ್ಟಸ್ ಮತ್ತು ಅವನ ನಂತರದ ಟೈಬೀರಿಯಸನ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ದೊರೆತಿವೆ. ತುಮಕೂರಿನಿಂದ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರು ಇಳಿಯುವ ಅದೇ ಯಶವಂತಪುರ ಎಂದು ಹೇಳಿದಾಗ, ಅಪ್ಪ ಆ ರೈಲಿನಲ್ಲೇ ಹೋಗುತ್ತಾರೆಂದು ಇಬ್ಬರು ಮಕ್ಕಳು ಎದ್ದು ನಿಂತರು. ರೋಮ್ ಎಂಬುದು ಪುಸ್ತಕದ ಪುಟದಿಂದ ನಮ್ಮ ಊರಿನ ದಾರಿಗೆ ಬಂದದ್ದು ಆ ಕ್ಷಣದಲ್ಲಿ.

ಪ್ರತಿಕೃತಿಗಳ ಗುಣಮಟ್ಟ ಒಟ್ಟಿನಲ್ಲಿ ಚೆನ್ನಾಗಿದೆ. ಮಿಶ್ರಲೋಹದ ಮೇಲೆ ಬೆಳ್ಳಿಯ ಬಣ್ಣದ ಲೇಪ ಕೊಟ್ಟು, ಹಳೆಯದೆಂದು ತೋರಲು ಉಬ್ಬುಗಳ ಸಂದಿಯಲ್ಲಿ ಕಪ್ಪು ತುಂಬಿಸಿದ್ದಾರೆ. ಅಂಚು ಯಂತ್ರದಲ್ಲಿ ಕತ್ತರಿಸಿದಂತೆ ನುಣುಪಾಗಿಲ್ಲ. ಕೈಯಿಂದ ಸುತ್ತಿಗೆ ಹೊಡೆದು ಮಾಡಿದ ನಾಣ್ಯದಂತೆ ಒಂದು ಕಡೆ ತೆಳ್ಳಗೆ, ಒಂದು ಕಡೆ ಒಡೆದ ಹಾಗೆ ಇದೆ. ಪ್ರತಿಯೊಂದರ ಅಂಚಿನಲ್ಲೂ ಪ್ರತಿಕೃತಿ ಎಂಬ ಗುರುತನ್ನು ಒತ್ತಿರುವುದು ಸರಿಯಾದ ಕ್ರಮ. ನನಗೆ ಬಂದ ಪೆಟ್ಟಿಗೆಯಲ್ಲಿ ಬ್ರೂಟಸನ ನಾಣ್ಯದ ಹಿಂಬದಿ ಮಸುಕಾಗಿತ್ತು. ಅಂಗಡಿಯವರಿಗೆ ತೋರಿಸಿದಾಗ ಒಂದು ಮಾತೂ ಎದುರಾಡದೆ, "ಬಿಡಿ ಮೇಡಂ, ಬೇರೆ ತರಿಸಿಕೊಡ್ತೀನಿ" ಎಂದು ಹೇಳಿ ಒಂದು ವಾರದೊಳಗೆ ಬದಲಾಯಿಸಿಕೊಟ್ಟರು. ನಕ್ಷೆಯ ಕಾಗದ ತೆಳುವಾದದ್ದು, ಮಡಿಕೆಯಲ್ಲಿ ಆಗಲೇ ಹರಿಯುತ್ತಿದೆ. ಲ್ಯಾಮಿನೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಈ ಪೆಟ್ಟಿಗೆಯ ಜೀವ ಇರುವುದು ನಾಲ್ಕನೆಯ ನಾಣ್ಯದಲ್ಲಿ. ಹತ್ತೊಂಬತ್ತು ಇಪ್ಪತ್ತು ಮಿಲಿಮೀಟರ್ ಅಗಲದ, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟೇ ಇರುವ ಆ ಬಿಲ್ಲೆಯ ಒಂದು ಬದಿಯಲ್ಲಿ ದಪ್ಪ ಕತ್ತಿನ ಆಂಟನಿ ಇದ್ದಾನೆ; ಅವನ ತಲೆಯ ಹಿಂದೆ ಅರ್ಮೇನಿಯದ ಕಿರೀಟ, ಸುತ್ತಲೂ ಅರ್ಮೇನಿಯವನ್ನು ಗೆದ್ದ ಮಾತು. ತಿರುಗಿಸಿದರೆ ಕ್ಲಿಯೋಪಾತ್ರ. ಹಣೆಯ ಮೇಲಿಂದ ಹಿಂದಕ್ಕೆ ಕಟ್ಟಿದ ರಾಜಪಟ್ಟಿ, ಎಳೆ ಎಳೆಯಾಗಿ ಬಾಚಿ ಹಿಂದೆ ಕಟ್ಟಿದ ತುರುಬು, ಕೊಂಕಿದ ಉದ್ದ ಮೂಗು, ಮುಂದಕ್ಕೆ ಚಾಚಿದ ಗಟ್ಟಿ ಗಲ್ಲ. ಅವಳ ಮುಂದೆ ಹಡಗಿನ ಮೂತಿ ಇದೆ, ಏಕೆಂದರೆ ಅವಳದು ನೌಕಾಬಲವಿದ್ದ ರಾಜ್ಯ. ಮಕ್ಕಳಿಗೆ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಲು ಹೇಳಿದೆ. ಮೂಗು ಮೊದಲು ಮೂಡಿತು, ಆಮೇಲೆ ತುರುಬು, ಕೊನೆಗೆ ಸುತ್ತಲಿನ ಅಕ್ಷರಗಳು. ಒಬ್ಬ ಹುಡುಗಿ ಇಂಗ್ಲಿಷ್ ಅಕ್ಷರಗಳಂತೆಯೇ ಇರುವ ಅವನ್ನು ಒಂದೊಂದಾಗಿ ಕೂಡಿಸಿ ಓದುತ್ತಾ, ಯು ಇರಬೇಕಾದ ಕಡೆಯಲ್ಲೆಲ್ಲ ವಿ ಏಕಿದೆ ಎಂದು ಕೇಳಿದಳು. ಲ್ಯಾಟಿನ್ ಬರಹದಲ್ಲಿ ಆಗ ಎರಡಕ್ಕೂ ಒಂದೇ ಗುರುತು ಎಂದು ಹೇಳಿದ ಮೇಲೆ ಪೂರ್ತಿ ಓದಿದಳು: "ಕ್ಲಿಯೋಪಾತ್ರೇ ರೆಜಿನೇ ರೆಗುಮ್ ಫಿಲಿಯೋರುಮ್ ರೆಗುಮ್." ಅರಸರ ಅರಸಿಯೂ, ಅರಸರಾದ ತನ್ನ ಮಕ್ಕಳಿಗೆ ಅರಸಿಯೂ ಆದ ಕ್ಲಿಯೋಪಾತ್ರಳದ್ದು ಈ ನಾಣ್ಯ ಎಂದು ಅದರ ಅರ್ಥ.

ಈ ನಾಣ್ಯ ಯಾರ ಕೈಯಲ್ಲಿ ಓಡಾಡಿತು ಎಂಬುದನ್ನು ಯೋಚಿಸಬೇಕು. ಇದು ಈಜಿಪ್ಟಿನ ನಾಣ್ಯಪದ್ಧತಿಯದ್ದಲ್ಲ, ರೋಮನ್ ದಿನಾರಿಯಸ್; ಅಂದರೆ ರೋಮಿನ ಸಿಪಾಯಿಗೆ ಪರಿಚಿತವಾದ ಹಣ. ಅದರ ಮೇಲೆ ರೋಮಿನ ಸೇನಾಪತಿಯೊಬ್ಬ ಪರದೇಶದ ರಾಣಿಯ ಮುಖವನ್ನು, ಅವಳ ಬಿರುದನ್ನು, ರೋಮಿನದೇ ಭಾಷೆಯಲ್ಲಿ ಹಾಕಿಸಿದ್ದಾನೆ. ಕ್ರಿ.ಪೂ. 509ರಲ್ಲಿ ಕೊನೆಯ ಅರಸನನ್ನು ಓಡಿಸಿದೆವು ಎಂದು ತಲೆಮಾರುಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದ ಊರು ರೋಮ್. ಅರಸ ಎಂಬ ಶಬ್ದವೇ ಅಲ್ಲಿ ಬೈಗುಳಕ್ಕೆ ಸಮ. ಅರಸನಾಗಲು ಹೊರಟಿದ್ದಾನೆಂಬ ಅನುಮಾನವೇ ಸೀಸರನ ಕೊಲೆಗೆ ಕಾರಣವಾಯಿತು. ಅಂತಹವರ ಕೈಗೆ ಅರಸರ ಅರಸಿ ಎಂದು ಬರೆದ ಕಾಸು ಬಂದಾಗ ಅವರಿಗೆ ಏನನ್ನಿಸಿರಬಹುದು ಎಂಬ ಪ್ರಶ್ನೆಯಿಂದಲೇ ಕ್ಲಿಯೋಪಾತ್ರಳ ಬಗ್ಗೆ ರೋಮನ್ನರ ಭಾವನೆಯ ಚರ್ಚೆ ಶುರುವಾಗಬೇಕು.

ಕೈಪಿಡಿ ಆ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ನನ್ನ ದೂರು ಇರುವುದು ಇಲ್ಲಿ, ಮತ್ತು ಇದು ಸಣ್ಣ ದೂರಲ್ಲ. ಕ್ಲಿಯೋಪಾತ್ರಳಿಗೆ ಕೊಟ್ಟಿರುವ ಐದು ಪುಟಗಳಲ್ಲಿ ಅವಳನ್ನು ಮೋಹಿನಿ, ಮಾಯಾವಿ, ಇಬ್ಬರು ವೀರರನ್ನು ರೂಪದ ಬಲೆಯಲ್ಲಿ ಕೆಡವಿದವಳು ಎಂದು ಬಣ್ಣಿಸಲಾಗಿದೆ. ಅವಳು 21 ವರ್ಷ ರಾಜ್ಯವಾಳಿದಳೆಂಬುದು ಒಂದು ಸಾಲಿನಲ್ಲಿ ಮುಗಿದಿದೆ. ವಿನಿಗರ್‌ನಲ್ಲಿ ಮುತ್ತು ಕರಗಿಸಿ ಕುಡಿದ ಕಥೆಗೆ ಮುಕ್ಕಾಲು ಪುಟ ಸಿಕ್ಕಿದೆ. ಆ ಕಥೆಯನ್ನು ಬರೆದ ಹಿರಿಯ ಪ್ಲಿನಿ ಅವಳು ಸತ್ತು ನೂರು ವರ್ಷವಾದ ಮೇಲಿನ ರೋಮನ್ ಲೇಖಕನೆಂಬುದನ್ನು ಕೈಪಿಡಿ ಹೇಳುವುದಿಲ್ಲ. ಇಲ್ಲಿರುವ ಪ್ರತಿಯೊಂದು ವಿಶೇಷಣವೂ ಅವಳ ವಿರುದ್ಧ ಯುದ್ಧ ಮಾಡಿದವರ ಬಾಯಿಂದ ಬಂದದ್ದು. ಅದನ್ನು ಇತಿಹಾಸವೆಂದು ಮಕ್ಕಳ ಕೈಗೆ ಕೊಡುವುದು, ವ್ಯಾಜ್ಯದಲ್ಲಿ ಗೆದ್ದವನ ಅರ್ಜಿಯನ್ನೇ ತೀರ್ಪು ಎಂದು ಓದಿದ ಹಾಗೆ.

ರೋಮನ್ನರು ಅವಳನ್ನು ಮೊದಲಿನಿಂದ ದ್ವೇಷಿಸಿದರೆಂಬುದೂ ಪೂರ್ಣ ಸತ್ಯವಲ್ಲ. ಅಲೆಕ್ಸಾಂಡರನ ದಳಪತಿಯಾಗಿದ್ದ ಮ್ಯಾಸಿಡೋನಿಯದ ಟಾಲೆಮಿ ಸ್ಥಾಪಿಸಿದ ವಂಶದಲ್ಲಿ ಕ್ರಿ.ಪೂ. 69ರಲ್ಲಿ ಹುಟ್ಟಿದ ಕ್ಲಿಯೋಪಾತ್ರ ಕ್ರಿ.ಪೂ. 51ರಲ್ಲಿ ಪಟ್ಟಕ್ಕೆ ಬಂದಳು. ಅವಳ ತಂದೆಯನ್ನು ರೋಮ್ ತನ್ನ ಜನತೆಯ ಸ್ನೇಹಿತ, ಮಿತ್ರ ಎಂದು ಅಧಿಕೃತವಾಗಿ ಘೋಷಿಸಿತ್ತು. ಆ ಗೌರವ ಅವಳಿಗೂ ದೊರೆಯಿತು. ಅವಳು ಕ್ರಿ.ಪೂ. 46ರಲ್ಲಿ ರೋಮಿಗೆ ಬಂದು ಟೈಬರ್ ನದಿಯಾಚೆಗಿನ ಸೀಸರನ ತೋಟದ ಮನೆಯಲ್ಲಿ ಉಳಿದಳು. ತನ್ನ ಕುಲದೇವತೆಯೆಂದು ಹೇಳಿಕೊಳ್ಳುತ್ತಿದ್ದ ವೀನಸ್ ದೇವಿಯ ಗುಡಿಯಲ್ಲಿ ಸೀಸರ್ ಅವಳ ಚಿನ್ನದ ಪ್ರತಿಮೆಯನ್ನು ಇರಿಸಿದ. ಅವಳು ಸೋತು ಸತ್ತ ಎಷ್ಟೋ ಕಾಲದ ನಂತರವೂ ಅದು ಅಲ್ಲಿಯೇ ಇತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಗುಡಿಯಲ್ಲಿ ಮೂರ್ತಿ ಇಟ್ಟುಕೊಂಡವರೇ ಕವಿತೆಯಲ್ಲಿ ರಾಕ್ಷಸಿ ಎಂದರು ಎಂಬುದನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಆ ದಿನಗಳ ಅಸಮಾಧಾನಕ್ಕೆ ಒಳ್ಳೆಯ ಸಾಕ್ಷಿ ರೋಮಿನ ವಾಗ್ಮಿ, ಲೇಖಕ ಸಿಸೆರೊ. ಸೀಸರ್ ಸತ್ತ ಕೆಲವೇ ತಿಂಗಳಲ್ಲಿ ಗೆಳೆಯ ಆಟಿಕಸನಿಗೆ ಬರೆದ ಕಾಗದದಲ್ಲಿ ಅವನು, ರಾಣಿಯನ್ನು ಕಂಡರೆ ನನಗಾಗದು, ನದಿಯಾಚೆಯ ತೋಟದಲ್ಲಿದ್ದಾಗಿನ ಅವಳ ಗರ್ವವನ್ನು ನೆನೆದರೆ ಸಂಕಟವಾಗುತ್ತದೆ ಎಂದು ತೋಡಿಕೊಂಡಿದ್ದಾನೆ. ಓದುತ್ತಾ ಹೋದರೆ, ವಿದ್ಯೆಗೆ ಸಂಬಂಧಿಸಿದ, ತನ್ನ ಅಂತಸ್ತಿಗೆ ಒಪ್ಪುವ ಏನನ್ನೋ ಕೊಡುವುದಾಗಿ ಅವಳ ಕಡೆಯಿಂದ ಮಾತು ಬಂದಿತ್ತು, ಅದು ನಡೆಯಲಿಲ್ಲ ಎಂಬುದೂ ತಿಳಿಯುತ್ತದೆ. ಜಗತ್ತಿನ ಅತ್ಯಂತ ಹೆಸರಾದ ಗ್ರಂಥಾಲಯವಿದ್ದ ಊರಿನ ರಾಣಿಯಿಂದ ಒಬ್ಬ ಪಂಡಿತ ಏನನ್ನೋ ನಿರೀಕ್ಷಿಸಿದ್ದ. ರೂಪದ ಮಾತು ಆ ಕಾಗದದಲ್ಲಿ ಇಲ್ಲವೇ ಇಲ್ಲ. ತನ್ನಂತಹ ಹಿರಿಯ ಸೆನೆಟರನ ಮುಂದೆ ತಲೆತಗ್ಗಿಸದ ಹೆಂಗಸು ಎಂಬುದೇ ಅವನ ಉರಿಗೆ ಕಾರಣ.

ರೂಪದ ಮಾತನ್ನು ಬೇರೆ ರೀತಿಯಲ್ಲಿ ಹೇಳಿದವನು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್. ಅವಳ ಚೆಲುವು ನೋಡಿದವರು ಬೆರಗಾಗುವಂತಹದ್ದೇನಲ್ಲ, ಅವಳೊಡನೆ ಮಾತಿಗೆ ಕುಳಿತವರು ಮಾತ್ರ ಬಿಡಿಸಿಕೊಳ್ಳಲಾರರು, ಅವಳ ನಾಲಿಗೆ ಹಲವು ತಂತಿಗಳ ವಾದ್ಯದಂತೆ ಬೇಕಾದ ಭಾಷೆಗೆ ಹೊರಳುತ್ತಿತ್ತು ಎಂಬುದು ಅವನ ವಿವರಣೆ. ಅವಳಿಗಿಂತ ಹಿಂದಿನ ಅರಸರು ಈಜಿಪ್ಟಿನ ಜನರ ಭಾಷೆಯನ್ನು ಕಲಿಯುವ ಗೋಜಿಗೇ ಹೋಗಿರಲಿಲ್ಲ; ಅವಳು ಕಲಿತಳು. ನಾಣ್ಯದ ಕೊಂಕು ಮೂಗನ್ನು ನೋಡಿ "ಇವ್ರು ಅಷ್ಟೇನ್ ಚೆನ್ನಾಗಿಲ್ವಲ್ಲ ಮಿಸ್" ಎಂದು ಹೇಳಿದ ಹುಡುಗನಿಗೆ ನಾನು ಓದಿ ಹೇಳಿದ್ದು ಇದನ್ನೇ. ನಾಣ್ಯವೂ ಪ್ಲುಟಾರ್ಕನೂ ಕೈಪಿಡಿಯನ್ನು ಸುಳ್ಳಾಗಿಸುವ ಈ ಜಾಗ ನಾಣ್ಯಗಳನ್ನು ಆಯ್ದವರಿಗೆ ಕಾಣಿಸಬೇಕಾಗಿತ್ತು.

ಯುದ್ಧದ ಭಾಗದಲ್ಲಿ ಕೈಪಿಡಿಯ ತಪ್ಪು ಇನ್ನೂ ದೊಡ್ಡದು. ರೋಮಿಗೂ ಈಜಿಪ್ಟಿಗೂ ಯುದ್ಧವಾಯಿತು ಎಂದಷ್ಟೇ ಅಲ್ಲಿದೆ. ಆದದ್ದು ರೋಮನ್ನರ ಒಳಜಗಳ. ಸೀಸರನ ಉತ್ತರಾಧಿಕಾರಕ್ಕಾಗಿ ಆಕ್ಟೇವಿಯನ್ ಮತ್ತು ಆಂಟನಿ ಎದುರುಬದುರಾದಾಗ ಆ ವರ್ಷದ ಇಬ್ಬರು ಕಾನ್ಸುಲ್‌ಗಳೂ (ರೋಮಿನ ಅತ್ಯುನ್ನತ ಅಧಿಕಾರಿಗಳು) ನೂರಾರು ಸೆನೆಟರುಗಳೂ ಆಂಟನಿಯ ಕಡೆಗೆ ಹೋದರು. ದಶಕಗಳ ಅಂತಃಕಲಹದಿಂದ ಬೇಸತ್ತ ಜನರ ಮುಂದೆ ಮತ್ತೊಂದು ಅಂತಃಕಲಹ ಎಂದು ಹೇಳುವ ಧೈರ್ಯ ಆಕ್ಟೇವಿಯನ್‌ಗೆ ಇರಲಿಲ್ಲ. ಆಂಟನಿ ವೆಸ್ಟಾ ದೇವಿಯ ಪೂಜಾರಿಣಿಯರಾದ ಕನ್ಯೆಯರ ಬಳಿ ಇಟ್ಟಿದ್ದ ಉಯಿಲನ್ನು ತರಿಸಿ, ತನ್ನನ್ನು ಅಲೆಕ್ಸಾಂಡ್ರಿಯಾದಲ್ಲಿ ಹೂಳಬೇಕೆಂಬ ಸಾಲನ್ನು ಸೆನೆಟಿನಲ್ಲಿ ಓದಿಸಿದ. ಆ ಉಯಿಲು ಎಷ್ಟು ಅಸಲಿ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಇದೆ. ಕೆಲಸ ಮಾತ್ರ ಆಯಿತು. ಕ್ರಿ.ಪೂ. 32ರಲ್ಲಿ ಯುದ್ಧದೇವತೆ ಬೆಲೋನಳ ಗುಡಿಯ ಮುಂದೆ ಹಳೆಯ ವಿಧಿಯಂತೆ ಯುದ್ಧವನ್ನು ಸಾರಿದಾಗ ಶತ್ರುವೆಂದು ಕರೆದದ್ದು ಕ್ಲಿಯೋಪಾತ್ರ ಒಬ್ಬಳನ್ನೇ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಸೊಸೆಯನ್ನು ಹೊಣೆ ಮಾಡುವುದನ್ನು ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವರ್ಷ ಸೆಪ್ಟೆಂಬರ್ 2ರಂದು ಆಕ್ಟಿಯಮ್ ಬಳಿಯ ಸಮುದ್ರದಲ್ಲಿ ಆಂಟನಿಯ ಪಡೆ ಸೋತಿತು, ಕ್ರಿ.ಪೂ. 30ರ ಆಗಸ್ಟಿನಲ್ಲಿ ಅಲೆಕ್ಸಾಂಡ್ರಿಯಾ ಬಿದ್ದು, ಇಬ್ಬರೂ ಪ್ರಾಣ ಬಿಟ್ಟರು. ನಾವು ದಿನಾಂಕ ಬರೆಯುವಾಗಲೆಲ್ಲ ಬಳಸುವ ಆಗಸ್ಟ್ ಎಂಬ ಹೆಸರೂ ಆ ಗೆಲುವಿನದೇ: ಅದಕ್ಕೆ ಮೊದಲು ಸೆಕ್ಸ್‌ಟಿಲಿಸ್ ಎಂದಿದ್ದ ತಿಂಗಳಿಗೆ ಕ್ರಿ.ಪೂ. 8ರಲ್ಲಿ ಅಗಸ್ಟಸನ ಹೆಸರನ್ನು ಇಡುವಾಗ, ಈಜಿಪ್ಟ್ ಈ ತಿಂಗಳಲ್ಲಿ ರೋಮಿನ ವಶವಾಯಿತೆಂಬುದನ್ನೂ ಸೆನೆಟ್ ಕಾರಣವಾಗಿ ಹೇಳಿತು.

ಗೆದ್ದ ಮೇಲೆ ಕವಿಗಳ ಸರದಿ. ಹೊರೇಸ್ ಅವಳನ್ನು ವಿನಾಶ ತರುವ ವಿಕೃತಿ ಎಂದ, ಪ್ರೊಪರ್ಷಿಯಸ್ ವೇಶ್ಯಾರಾಣಿ ಎಂದ, ವರ್ಜಿಲ್ ಈಜಿಪ್ಟಿನ ಹೆಂಡತಿ ಎಂದು ಹೇಳಿ ಹೇಸಿದ. ಇವರು ಮೂವರೂ ಈ ಸಾಲುಗಳಲ್ಲಿ ಅವಳ ಹೆಸರನ್ನು ಹೇಳುವುದಿಲ್ಲ. ಸಿಸೆರೊ ಕೂಡ ಕಾಗದದಲ್ಲಿ ರಾಣಿ ಎಂದಷ್ಟೇ ಬರೆದಿದ್ದ. ಹಗೆಯಾದವರ ಮನೆಯ ವಿಷಯ ಬಂದರೆ "ಅವಳ ಹೆಸರೆತ್ತಬೇಡ" ಎನ್ನುವುದು ನಮ್ಮ ಊರುಗಳಲ್ಲೂ ಉಂಟಲ್ಲವೇ? ಇದನ್ನು ಹೇಳಿದಾಗ ತರಗತಿಯಲ್ಲಿ ಕಾಗದ ಉಜ್ಜಿದ್ದ ಆ ಹುಡುಗಿ ತನ್ನ ಹಾಳೆಯನ್ನು ಎತ್ತಿ ಹಿಡಿದು, "ಇದ್ರಲ್ಲಿ ಹೆಸ್ರು ಪೂರ್ತಿ ಇದೆ ಮಿಸ್" ಎಂದಳು.

ಹೊರೇಸನ ಬಗ್ಗೆ ಇನ್ನೊಂದು ಮಾತನ್ನು ಸೇರಿಸದೆ ಬಿಟ್ಟರೆ ಅವನಿಗೆ ಅನ್ಯಾಯವಾಗುತ್ತದೆ. ಹುಚ್ಚು ರಾಣಿ, ಕುಡಿದು ಮತ್ತಳಾದವಳು ಎಂದು ಶುರುವಾಗುವ ಅದೇ ಪದ್ಯ, ಕೊನೆಗೆ ಬರುವ ಹೊತ್ತಿಗೆ ಬೇರೆಯೇ ದನಿಯನ್ನು ತಾಳುತ್ತದೆ. ಕುಸಿದ ಅರಮನೆಯನ್ನು ಸಮಾಧಾನದ ಮುಖದಿಂದ ನೋಡಿದಳು, ಹಾವುಗಳನ್ನು ಅಂಜದೆ ಕೈಗೆತ್ತಿಕೊಂಡಳು, ವಿಜಯದ ಮೆರವಣಿಗೆಯಲ್ಲಿ ಸೆರೆಯಾಳಾಗಿ ನಡೆಯಲು ಒಪ್ಪಲಿಲ್ಲ, ಸಾಮಾನ್ಯ ಹೆಂಗಸಲ್ಲ ಅವಳು ಎಂದು ಪದ್ಯ ನಿಲ್ಲುತ್ತದೆ. ಆ ಮೆರವಣಿಗೆ ಏನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಅವಳ ತಂಗಿ ಆರ್ಸಿನೊಯೆಯನ್ನು ಕ್ರಿ.ಪೂ. 46ರಲ್ಲಿ ಸೀಸರ್ ಸಂಕೋಲೆ ತೊಡಿಸಿ ರೋಮಿನ ಬೀದಿಯಲ್ಲಿ ನಡೆಸಿದ್ದ, ನೋಡಿದ ಜನ ಮರುಗಿದ್ದರು. ತಿರಸ್ಕಾರದ ಅಡಿಯಲ್ಲಿ ಭಯವೂ, ಭಯದ ಅಡಿಯಲ್ಲಿ ಗೌರವವೂ ಇದ್ದದ್ದನ್ನು ಶತ್ರುವಿನ ಕವಿಯೇ ಒಪ್ಪಿಕೊಂಡಿರುವಾಗ, ಎರಡು ಸಾವಿರ ವರ್ಷಗಳಾದ ಮೇಲೆ ಕನ್ನಡದಲ್ಲಿ ಬರೆದ ಕೈಪಿಡಿ ಪದ್ಯದ ಮೊದಲರ್ಧದಲ್ಲೇ ನಿಂತಿರುವುದು ನನಗೆ ನೋವು ತಂದಿತು.

ರೋಮನ್ನರನ್ನು ಎದುರಿಸಿದ ರಾಣಿಯರು ಬೇರೆ ಯಾರಾದರೂ ಇದ್ದರೇ ಎಂದು ಮಕ್ಕಳು ಕೇಳುತ್ತಾರೆ. ಕೈಪಿಡಿಯಲ್ಲಿ ಅದಕ್ಕೂ ಅರ್ಧ ಪುಟ ಇರಬಹುದಿತ್ತು. ಕ್ಲಿಯೋಪಾತ್ರ ಸತ್ತ ಐದಾರು ವರ್ಷಗಳಲ್ಲೇ ಈಜಿಪ್ಟಿನ ದಕ್ಷಿಣದ ಮೆರೊಯೆ ರಾಜ್ಯದ ರಾಣಿ ರೋಮನ್ ಗಡಿಯ ಮೇಲೆ ಸೈನ್ಯ ಕಳುಹಿಸಿದಳು, ಸಂಧಾನದಲ್ಲಿ ಅಗಸ್ಟಸನಿಂದ ಕಪ್ಪದ ಮಾಫಿಯನ್ನೂ ಪಡೆದಳು. ಆ ದಾಳಿಗಳಲ್ಲಿ ಕಿತ್ತು ತಂದದ್ದೆನ್ನಲಾದ ಅಗಸ್ಟಸನ ಕಂಚಿನ ತಲೆಯೊಂದು ಮೆರೊಯೆಯ ಗುಡಿಯೊಂದರ ಮೆಟ್ಟಿಲ ಕೆಳಗೆ, ಒಳಹೋಗುವವರೆಲ್ಲ ತುಳಿಯುವ ಜಾಗದಲ್ಲಿ, 1910ರಲ್ಲಿ ಸಿಕ್ಕಿತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಈ ರಾಣಿಯನ್ನು ಗಂಡಸಿನಂತಹ, ಒಂದು ಕಣ್ಣು ಕುರುಡಾದ ಹೆಂಗಸು ಎಂದು ವರ್ಣಿಸಿದ. ಒಬ್ಬಳನ್ನು ಬಹಳ ಚೆಲುವೆ ಎಂದರು, ಇನ್ನೊಬ್ಬಳನ್ನು ಹೆಣ್ಣೇ ಅಲ್ಲವೇನೋ ಎಂಬಂತೆ ಬರೆದರು; ಇಬ್ಬರ ರಾಜಕಾರಣವನ್ನೂ ಮೈಯ ವರ್ಣನೆಯಿಂದ ಮುಚ್ಚಿದರು.

ಕೈಪಿಡಿಯ ಬಗ್ಗೆ ಈ ಎಲ್ಲವನ್ನೂ ತಯಾರಕರಿಗೆ ನಾಲ್ಕು ಪುಟಗಳ ಪತ್ರವಾಗಿ ಬರೆದೆ. ಫೋನಿನಲ್ಲಿ ಮಾತನಾಡಿದವರು ಸಮಾಧಾನದಿಂದ ಕೇಳಿಸಿಕೊಂಡು, ಮುಂದಿನ ಮುದ್ರಣದಲ್ಲಿ ಆ ಐದು ಪುಟಗಳನ್ನು ಮತ್ತೆ ಬರೆಸುವುದಾಗಿ ಹೇಳಿದ್ದಾರೆ. ಆದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈಗಿನ ಮುದ್ರಣವನ್ನು ಕೊಳ್ಳುವ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ನಾಣ್ಯಗಳಿಗಾಗಿ ಖಂಡಿತ ಕೊಳ್ಳಿ, 1,650 ರೂಪಾಯಿ ಹೆಚ್ಚಲ್ಲ, ಕೈಪಿಡಿಯ 14ರಿಂದ 18ನೆಯ ಪುಟಗಳನ್ನು ಮಾತ್ರ ಮಕ್ಕಳಿಗೆ ಪಾಠವಾಗಿ ಕೊಡದೆ, ಇದನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದರಿಂದ ಏನು ಲಾಭ ಎಂದು ಕೇಳುವ ಅಭ್ಯಾಸವಾಗಿ ಕೊಡಿ. ನಮ್ಮ ತರಗತಿಯಲ್ಲಿ ಎರಡು ಪೀರಿಯಡ್ ಅದಕ್ಕೇ ಹೋಯಿತು, ಅವು ಈ ವರ್ಷದ ನನ್ನ ಅತ್ಯುತ್ತಮ ಪೀರಿಯಡ್‌ಗಳು.

ಪತ್ರದಲ್ಲಿ ಏಳನೆಯ ನಾಣ್ಯವೊಂದನ್ನು ಸೇರಿಸಬೇಕೆಂದೂ ಕೇಳಿದ್ದೇನೆ. ಆಕ್ಟೇವಿಯನ್‌ನ ನಾಣ್ಯದಲ್ಲಿ ಬಾಯಿ ಮುಚ್ಚಿ ನಿಂತ ಮೊಸಳೆ, ಮೇಲೆ ಕೆಳಗೆ ಈಜಿಪ್ಟ್ ವಶವಾಯಿತು ಎಂಬ ಎರಡು ಲ್ಯಾಟಿನ್ ಪದಗಳು ಇವೆ. ಕ್ರಿ.ಪೂ. 29ರ ವಿಜಯದ ಮೆರವಣಿಗೆಯಲ್ಲಿ ರೋಮನ್ನರು ಸತ್ತ ರಾಣಿಯ ಪ್ರತಿಮೆಯನ್ನು ಹೊತ್ತು, ಅವಳ ಅವಳಿ ಮಕ್ಕಳನ್ನೂ ನಡೆಸಿದರು. ಆ ಮಕ್ಕಳಲ್ಲಿ ಹುಡುಗಿಯ ಹೆಸರು ಕ್ಲಿಯೋಪಾತ್ರ ಸೆಲೀನೆ. ಆಂಟನಿ ಬಿಟ್ಟುಹೋದ ಹೆಂಡತಿ ಆಕ್ಟೇವಿಯಳ ಮನೆಯಲ್ಲಿ ಬೆಳೆದ ಅವಳು ಮುಂದೆ ಉತ್ತರ ಆಫ್ರಿಕದ ಮೌರಿಟೇನಿಯದ ಅರಸ ಎರಡನೆಯ ಜೂಬನನ್ನು ಮದುವೆಯಾದಳು. ನಾನು ಕೇಳಿದ ಏಳನೆಯ ನಾಣ್ಯ ಆ ರಾಜ್ಯದ್ದು; ಅಲ್ಲಿನ ಬೆಳ್ಳಿ ನಾಣ್ಯಗಳಲ್ಲಿ ಮೊಸಳೆ ಮತ್ತೆ ಬರುತ್ತದೆ. ಅದರ ಜೊತೆಗಿರುವ ಅಕ್ಷರಗಳು ಮಾತ್ರ ಗ್ರೀಕ್, ತಾಯಿಯ ಮನೆಮಾತು: "ಬಸಿಲಿಸ್ಸ ಕ್ಲಿಯೋಪಾತ್ರ." ರಾಣಿ ಕ್ಲಿಯೋಪಾತ್ರ.